ಮಾವಿನ ಮರದಡಿಯ ಕೊಳವೆ

ಮುಳಬಾಗಿಲು
೧೭ ಜೂನ್ ೨೦೦೬

ಪ್ರೀತಿಯ ನಿಮಗೆ,

“ನೆಲಕ್ಕೆ ಕೊಟ್ಟದ್ದನ್ನು ನೆಲ ಕಾಯುತ್ತದೆ” ಎಂಬ ಒಂದು ಸಾಲು ಬೆಳಗಿನಿಂದ ತಲೆಯಲ್ಲಿದೆ. ಎಂ.ಎ. ಓದುವಾಗ ಯಾವುದೋ ಹಳೆಯ ಪತ್ರಿಕೆಯಲ್ಲಿ ಕಂಡದ್ದು. ಬರೆದವರ ಹೆಸರು ಮರೆತಿದೆ, ಹಿಂದಿನ ಮುಂದಿನ ಸಾಲುಗಳೂ ಹೋಗಿವೆ. ಕೊನೆಯಲ್ಲಿ ‘ಕಾಯುತ್ತದೆ’ ಎಂದಿತ್ತೋ ‘ಮರೆಯುತ್ತದೆ’ ಎಂದಿತ್ತೋ, ಅದೂ ಖಚಿತವಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಾ ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳಿಕೊಂಡು ನೋಡಿದೆ. ಎರಡೂ ಸರಿಯಾಗಿಯೇ ಕೂರುತ್ತವೆ. ನೆಲ ಕಾಯುತ್ತದೆ ಎನ್ನಲು ಆ ಕವಿಗೆ ಏನು ಆಧಾರವಿತ್ತೋ ಕಾಣೆ.

ಅದಿರಲಿ. ಸಿಂಧನೂರಿನ ಬಿಸಿಲು ಇಳಿಯಿತೆ? ಹಿಮ್ಮಡಿ ನೋವು ಹೇಗಿದೆ? ಎಣ್ಣೆ ಬಾಟಲಿ ಕಳಿಸಿದ್ದೆನಲ್ಲ, ಅದು ನಿಮ್ಮ ಖಜಾನೆ ಕಚೇರಿಯ ಬೀರುವಿನಲ್ಲಿ ಫೈಲುಗಳ ಜೊತೆ ಭದ್ರವಾಗಿರಬಹುದೆಂದು ನನ್ನ ಗುಮಾನಿ. ಮಗಳು ಮೇಧಾ ಕೋಲಾರದ ಹಾಸ್ಟೆಲಿನಲ್ಲಿ ಚೆನ್ನಾಗಿದ್ದಾಳೆ, ಪರೀಕ್ಷೆಯೆಂದು ಈ ವಾರ ಬಂದಿಲ್ಲ. ನೀವು ಬರುವಾಗ ದೇವರಾಯಸಮುದ್ರದಲ್ಲಿ ಬಸ್ಸಿಳಿದು, ಕೆರೆ ಏರಿಯ ಮೇಲೆ ಒಂದಷ್ಟು ಹೊತ್ತು ನಡೆದು, ಮತ್ತೆ ಇನ್ನೊಂದು ಬಸ್ಸು ಹಿಡಿಯುವ ಅಭ್ಯಾಸವನ್ನು ಈ ಸಲವಾದರೂ ಬಿಡಿ. ಕಾಲೆಳೆದುಕೊಂಡು ಬಂದು, ಯಾರೊಂದಿಗೂ ಮಾತಾಡದೆ ಮಲಗಿಬಿಡುತ್ತೀರಿ. ಗಾಳಿ ಬೇಕೆಂದರೆ ನಮ್ಮ ತಾರಸಿಯ ಮೇಲೂ ಇದೆ.

ಮೋರಿ ಕೆಲಸ ಆಯಿತೇ ಎಂದು ಫೋನಿನಲ್ಲಿ ಕೇಳಿದಿರಿ, ಆಯಿತು ಎಂದೆ. ಫೋನಿನಲ್ಲಿ ನಾವಿಬ್ಬರೂ ಅಷ್ಟೇ ಮಾತಾಡುವವರು. ಉಳಿದದ್ದನ್ನು ಬರೆಯುತ್ತೇನೆ. ಬಚ್ಚಲಿನಿಂದ ಹಿತ್ತಲಿನ ಅಡಿಯಲ್ಲಿ ಹಾದು ಪಕ್ಕದ ಓಣಿಯ ಮೋರಿ ಸೇರುವ ಕೊಳವೆ ಮಾವನವರು ಹಾಕಿಸಿದ್ದು, ಮಾಲೂರಿನ ಸುಟ್ಟ ಮಣ್ಣಿನದು. ಅದು ಒಳಗೆಲ್ಲೋ ಒಡೆದು, ಬಚ್ಚಲ ನೀರು ಪಕ್ಕದ ವೆಂಕಟರತ್ನಮ್ಮನವರ ಅಡುಗೆಮನೆ ಗೋಡೆಗೆ ಏರುತ್ತಿತ್ತು. ಮೊದಮೊದಲು ಅವರು ನಗುತ್ತಲೇ ಹೇಳುತ್ತಿದ್ದರು, “ಏಮಮ್ಮಾ, ನಮ್ ಗೋಡೆಗೂ ದಿನಾ ಸ್ನಾನ ಮಾಡಿಸ್ತೀಯಲ್ಲ, ಸೋಪೂ ಹಚ್ಬಿಡು.” ಆಮೇಲೆ ಅವರ ದೇವರ ಗೂಡಿನ ಪಕ್ಕದ ಗಾರೆ ಬಿತ್ತು, ನಗು ನಿಂತಿತು. ಗಾರೆ ಕೆಲಸದ ಆಂಜಿನಪ್ಪ ಬಂದು ಹಿತ್ತಲಲ್ಲಿ ಸುಣ್ಣದ ಗೆರೆ ಎಳೆದ. ಗೆರೆ ನೇರವಾಗಿ ಮಾವಿನ ಮರದ ಬುಡಕ್ಕೆ ಹೋಯಿತು. “ಆಳುದ್ದ ತೋಡ್ಬೇಕಮ್ಮಾ. ಮರ ಉಳಿಯಾಕಿಲ್ಲ” ಎಂದ. ನಾಳೆ ಹೇಳುತ್ತೇನೆಂದು ಅವನನ್ನು ಕಳಿಸಿದೆ. ಅವನು ಹೋದ ಮೇಲೆ ಗೆರೆಯ ಮೇಲೆ ನೀರು ಸುರಿದೆ.

ಆಗಲೇ ನಿಮ್ಮನ್ನು ಕೇಳಿದ್ದು. “ಅಲ್ಲೇನಿದೆ? ಬರೀ ಮಣ್ಣು ತಾನೆ. ತೋಡಿಸಿಬಿಡು” ಎಂದಿರಿ. ನಾನು ಫೋನಿಟ್ಟೆ. ಇವರಿಗೆ ಮರೆತೇಹೋಗಿದೆ ಎಂದುಕೊಂಡೆ. ಕೋಪ ಬರಬೇಕಿತ್ತು, ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಮುಟ್ಟಿದರೆ ಬೇರೆ ಯಾರದೋ ಎನ್ನಿಸುತ್ತದಲ್ಲ, ಹಾಗಿತ್ತು.

ಅಲ್ಲಿ ಬರೀ ಮಣ್ಣಿಲ್ಲ. ನಮ್ಮ ಮೊದಲ ಮಗು ಇದೆ. ಇದನ್ನು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಮಾತಾಡಿಲ್ಲ, ಆದ್ದರಿಂದ ಬರೆಯಬೇಕಾಗಿದೆ. ಏಳನೇ ತಿಂಗಳಿಗೇ, ನಾನಿನ್ನೂ ತವರಿಗೆ ಹೋಗುವ ಮೊದಲೇ ಆದದ್ದು. ಅತ್ತೆ ನನಗೆ ಮುಖ ತೋರಿಸಲಿಲ್ಲ. ತೋರಿಸಬಾರದಂತೆ, ಎಲ್ಲಿಟ್ಟರೆಂದು ಹೆತ್ತವಳಿಗೆ ಹೇಳಲೂಬಾರದಂತೆ. ತಿಳಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಈ ಕಡೆಯ ನಂಬಿಕೆ. ನೀವು ಕೋಲಾರದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತೆಂದೂ ಅತ್ತೆಯೇ ಹೇಳಿದರು. ನಾನು ಅನ್ನ ಮುಟ್ಟಲಿಲ್ಲ. ಎಲ್ಲಿ ಎಂದು ಕೇಳುವುದನ್ನು ಬಿಟ್ಟರೆ ಬೇರೆ ಮಾತೂ ಆಡಲಿಲ್ಲ. ಕಡೆಗೊಂದು ಮಧ್ಯಾಹ್ನ ಅತ್ತೆ ಕಿಟಕಿ ತೆಗೆದು, ಹೊಸದಾಗಿ ನೆಟ್ಟ ಮಾವಿನ ಸಸಿಯ ಕಡೆ ಕೈ ತೋರಿಸಿ, “ಅಲ್ಲೇ ಇದಾಳೆ ಕಣೇ, ನಿನ್ನ ಕಣ್ಮುಂದೇನೇ. ಈಗ ಎರಡು ತುತ್ತು ತಿನ್ನು” ಎಂದರು. ತಿಂದೆ. ಹೇಗಿದ್ದಳು ಎಂದು ಕೇಳಿದ್ದಕ್ಕೆ “ತಲೆ ತುಂಬ ಕೂದಲು” ಎಂದಷ್ಟೇ ಅಂದು ತಟ್ಟೆ ಎತ್ತಿಕೊಂಡು ಹೋದರು. ಅತ್ತೆ ಸಾಯುವವರೆಗೂ ಮತ್ತೆ ಆ ಮಾತು ಬರಲಿಲ್ಲ.

ಮರ ಬೆಳೆಯಿತು. ಅದರ ಕಾಯಿಯನ್ನು ನಾನು ಬಾಯಿಗಿಟ್ಟವಳಲ್ಲ. ಹುಳಿ ತಿಂದರೆ ಹಲ್ಲು ಜುಮ್ಮೆನ್ನುತ್ತದೆ ಎಂಬ ನೆಪ ಹೇಳುತ್ತಾ ಬಂದಿದ್ದೇನೆ. ವರ್ಷವೂ ಎಲ್ಲ ಕಾಯಿ ವೆಂಕಟರತ್ನಮ್ಮನವರ ಉಪ್ಪಿನಕಾಯಿಗೆ ಹೋಗುತ್ತದೆ. ಅವರು ಕಾಯಿ ಹೆಚ್ಚುವ ದಿನ ನಾನು ಹಿತ್ತಲ ಬಾಗಿಲು ಹಾಕಿಕೊಳ್ಳುತ್ತೇನೆ.

ತೋಡದೆ ಕೊಳವೆ ಸರಿಮಾಡಬಹುದೆಂದು ಹೇಳಿದವನು ಮುನೇಶ್. ಹಿಂದೆ ಕಾಲೇಜಿನಲ್ಲಿ ನಾನು ಪಾಠ ಮಾಡುವ ತರಗತಿಯ ಕಡೆಯ ಬೆಂಚಿನಲ್ಲಿ ಕೂತು ಹಳಗನ್ನಡ ಪದ್ಯಕ್ಕೆ ತೂಕಡಿಸುತ್ತಿದ್ದವನು. ಈಗ ಬೆಂಗಳೂರಿನ ಒಂದು ತಂಡದೊಡನೆ ಮಾಲೂರಿನ ಕಾರ್ಖಾನೆಗಳಲ್ಲಿ ಇದೇ ಕೆಲಸ ಮಾಡುತ್ತಾನೆ. ಬಸ್‌ ನಿಲ್ದಾಣದಲ್ಲಿ ಸಿಕ್ಕಾಗ ಕೇಳಿದೆ. “ಒಡೆದ ಪೈಪ್ ಅಲ್ಲೇ ಇರ್ಲಿ ಮೇಡಂ. ಅದರೊಳಗೇ ಇನ್ನೊಂದು ಪೈಪ್ ಬೆಳೆಸ್ತೀವಿ. ಲಂಗ ತೊಡಿಸ್ದಂಗೆ, ಆದ್ರೆ ಒಳಗಡೆಯಿಂದ” ಎಂದ. ಈ ಮಾತು ಅದು ಹೇಗೋ ಓಣಿ ದಾಟಿ, ಮರುದಿನವೇ ವೆಂಕಟರತ್ನಮ್ಮನವರು ಕಾಂಪೌಂಡಿನ ಮೇಲಿಂದ, “ಏಮಮ್ಮಾ ಇಂದು, ಮೋರಿಗೆ ಲಂಗ ಹೊಲಿಸ್ತಿದೀಯಂತೆ? ಜರಿ ಅಂಚು ಮರೀಬೇಡ” ಎಂದು ಕೂಗಿದರು. ಇದು ಕಾರ್ಖಾನೆಯವರಿಗೆ ಸರಿ, ಮನೆಗೆ ದುಬಾರಿ ಎಂದು ನೀವು ಅಂದದ್ದೂ ನೆನಪಿದೆ. ನನ್ನ ಬಳೆ ಮಾರಿದ್ದೇನೆ, ಅದರ ಮಾತು ಬೇಡ.

ಅವರು ಬಂದ ದಿನ ನಾನು ರಜೆ ಹಾಕಿದೆ. ಮೊದಲು ಒಂದು ಉದ್ದನೆಯ ಕೇಬಲ್ಲಿನ ತುದಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಬಚ್ಚಲ ಕಡೆಯ ಗುಂಡಿಯಿಂದ ಒಳಗೆ ಬಿಟ್ಟರು. ಅದು ಕಂಡದ್ದನ್ನೆಲ್ಲ ತೋರಿಸುವ ಟಿ.ವಿ.ಯನ್ನು ಒಗೆಯುವ ಕಲ್ಲಿನ ಮೇಲಿಟ್ಟಿದ್ದರು. ನೆಲದ ಒಳಗನ್ನು ನಾನು ನಿಂತು ನೋಡಿದೆ. ಮಣ್ಣಿನ ಬಣ್ಣದ ಒಂದು ಸುರಂಗ, ಅಲ್ಲಲ್ಲಿ ಬಿರುಕು, ಮಿನುಗುವ ನೀರು. ಆಮೇಲೆ ಮರದಡಿ ಬರುತ್ತಿದ್ದ ಹಾಗೆ ಕೊಳವೆಯ ತುಂಬ ಬೇರು. ಸಣ್ಣ ಸಣ್ಣ ಎಳೆಗಳು, ಒತ್ತೊತ್ತಾಗಿ, ನೀರಿನಲ್ಲಿ ಮೆಲ್ಲಗೆ ಅಲ್ಲಾಡುತ್ತಾ, ಕೂದಲಿನ ಹಾಗೆಯೇ. ಮುನೇಶ್ ಏನೋ ವಿವರಿಸುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ಅತ್ತುಬಿಡುತ್ತೇನೆಂದು ಹೆದರಿದ್ದೆ, ಏನೂ ಆಗಲಿಲ್ಲ. ಇವರಿಗೆಲ್ಲ ಕಾಫಿ ಮಾಡಬೇಕು, ಹಾಲು ಸಾಲುತ್ತದೋ ಇಲ್ಲವೋ ಎಂದು ಯೋಚಿಸಿದೆ.

ಆ ಬೇರನ್ನು ತಿರುಗುವ ಬ್ಲೇಡಿನಿಂದ ಕತ್ತರಿಸಿ ತೆಗೆದರು. ಅಷ್ಟು ಹೊತ್ತು ಒಳಗಿದ್ದು ಮಿಕ್ಸಿ ಹಾಕಿಕೊಂಡೆ. ರುಬ್ಬಲು ಏನೂ ಇರಲಿಲ್ಲ. ಹೊರಗೆ ಬಂದಾಗ, ಅಂಟಿನಲ್ಲಿ ನೆನೆಸಿದ ದಪ್ಪ ಬಟ್ಟೆಯ ಉದ್ದನೆಯ ಚೀಲವನ್ನು ಕೊಳವೆಯೊಳಗೆ ಎಳೆಯುತ್ತಿದ್ದರು. ಅದರೊಳಗೆ ಗಾಳಿ ತುಂಬಿಸಿ, ಚೀಲ ಹಳೆಯ ಕೊಳವೆಗೆ ಒತ್ತಿ ನಿಲ್ಲುವಂತೆ ಮಾಡಿ, ಅಂಟು ಗಟ್ಟಿಯಾಗುವವರೆಗೆ ಬಿಟ್ಟರು. ಹಿತ್ತಲೆಲ್ಲ ಘಾಟು ವಾಸನೆ. ಸಂಜೆ ಗಾಳಿ ತೆಗೆದು ಮತ್ತೆ ಕ್ಯಾಮೆರಾ ಬಿಟ್ಟಾಗ ಒಳಗೆ ನುಣ್ಣಗೆ, ಹೊಸ ಬೋಗುಣಿಯ ಒಳಮೈ ಹಾಗಿತ್ತು. ಮರದ ಕೆಳಗಿನ ಒಂದು ಹಿಡಿ ಮಣ್ಣೂ ಮೇಲೆ ಬರಲಿಲ್ಲ. ಅಷ್ಟಾದರೆ ಸಾಕೆಂದು ನಾನು ಇದನ್ನೆಲ್ಲ ಮಾಡಿಸಿದ್ದು.

ವೆಂಕಟರತ್ನಮ್ಮನವರ ಗೋಡೆ ಒಣಗುತ್ತಾ ಬಂದಿದೆ. ನನಗೆ ಸಮಾಧಾನ ಆಗಬೇಕು, ಆದರೆ ಅದು ಇನ್ನೂ ಬಂದಿಲ್ಲ. ನಿಮ್ಮನ್ನು ಆಕ್ಷೇಪಿಸಲು ಇದನ್ನು ಬರೆಯುತ್ತಿಲ್ಲ. ಗಂಡಸರಿಗೆ ಎಷ್ಟು ಗೊತ್ತಾಗಲು ಬಿಡುತ್ತಾರೆ ಇಂಥದ್ದೆಲ್ಲ. ಇನ್ನು ಮೇಲೆ ಬರೀ ಮಣ್ಣು ಎನ್ನಬೇಡಿ, ಅಷ್ಟೆ. ಮುಂದಿನ ಸಲ ಬಂದಾಗ ಆ ಮರದ ಕೆಳಗೆ ಎರಡು ಕುರ್ಚಿ ಹಾಕುತ್ತೇನೆ, ನನ್ನ ಜೊತೆ ಸ್ವಲ್ಪ ಹೊತ್ತು ಕೂತಿರಿ. ಮಾತಾಡಲೇಬೇಕೆಂದಿಲ್ಲ.

ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮನೆದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಇಂದುಮತಿ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ವೆಂಕಟರತ್ನಮ್ಮನವರು ಬಂದರು. ಗೋಡೆ ಒಣಗಿದ ಖುಷಿಗೆ ಈ ವರ್ಷದ ಉಪ್ಪಿನಕಾಯಿ ತಂದಿದ್ದರು. ಈ ಸಲವಾದರೂ ರುಚಿ ನೋಡು ಎಂದು ಬಾಗಿಲಲ್ಲೇ ನಿಂತು ಹಠ ಹಿಡಿದರು. ಈ ಪತ್ರ ಬರೆದು ನನ್ನ ಬಾಯಿ ಸಡಿಲವಾಗಿತ್ತೋ ಏನೋ, ಏಕೆ ತಿನ್ನುವುದಿಲ್ಲ ಎಂದು ಹೇಳಿಬಿಟ್ಟೆ. ಏಕೆ ತೋಡಿಸಲಿಲ್ಲ ಎಂದೂ ಹೇಳಿದೆ. ಅವರು ಜಾಡಿಯನ್ನು ಹೊಸ್ತಿಲ ಮೇಲಿಟ್ಟು ನನ್ನ ಕೈ ಹಿಡಿದುಕೊಂಡರು. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಅಯ್ಯೋ ಇಂದು, ಅಲ್ಲೇನೂ ಇಲ್ಲ ಕಣಮ್ಮಾ. ಪಾಪನ್ನ ಟವಲ್ನಾಗೆ ಸುತ್ಕೊಂಡು ನಿಮ್ ಯಜಮಾನ್ರೇ ದೇವರಾಯಸಮುದ್ರದ ಕೆರೆ ಏರಿ ತಾವ ಮಣ್ಣು ಮಾಡಾಕೆ ಹೋದ್ರು. ನಾನೇ ಹಿತ್ತಲ ಬಾಗಿಲು ತೆಗೆದು ಕಳಿಸ್ದೆ. ನೀನು ಅನ್ನ ತಿನ್ಲಿ ಅಂತ ನಿಮ್ಮತ್ತೆ ಗಿಡ ತೋರಿಸಿದ್ರು, ಅಷ್ಟೇನೇ. ಇಷ್ಟು ವರ್ಷದಾಗೆ ನಿಮ್ಮೋರು ಹೇಳಿರ್ತಾರೆ ಅಂದ್ಕೊಂಡಿದ್ದೆ ನಾನು.”