ಮೈದಾನ ನಿಲ್ಲಿಸಿದ ಗರಿ

ಪೋರ್ಟ್ ವಿಲಾ, ಸೋಮವಾರ

ಅಜ್ಜೀ,

ಹೊಸ ಫುಟ್‌ಬಾಲ್ ಮೈದಾನಕ್ಕೆ ತನ್ನನ್ನು ತಾನೇ ನೇಮಿಸಿಕೊಂಡ ಮೇಲ್ವಿಚಾರಕನಾದ ನಿನ್ನ ಮೊಮ್ಮಗನ ವರದಿ ಏನೆಂದರೆ, ಗ್ಯಾಲರಿಯ ಚಾವಣಿ ಏರಿತು! ಕ್ರೇನು ಅದನ್ನು ಎತ್ತುವಾಗ ಸಂತೆಯ ಹೆಂಗಸರೆಲ್ಲ ಗೆಣಸು ಬಿಟ್ಟು ಬೇಲಿಗೆ ಓಡಿಬಂದರು. ಇನ್ನು ಗೋಲಿನ ಕಂಬ ನೆಟ್ಟರೆ ಆಯಿತು. ತಿಂಗಳ ಕೊನೆಯ ಶನಿವಾರ ಮೊದಲ ಆಟ, ಅದೂ ನಮ್ಮ ದ್ವೀಪದ ತಂಡದ್ದು!

ಅಡಚಣೆ ಒಂದೇ, ಅದು ನಾನು. ಗೇಟಿನ ಪಕ್ಕ ನಾನು ನಿಂತು ನೋಡುವ ಜಾಗವನ್ನು ಬೇರೆಯವರು ಹಿಡಿಯದಿರಲಿ ಎಂದು ಮುಖಂಡರು ಯಾರೂ ಒಳಗೆ ಬರಬಾರದೆಂದು ಕಟ್ಟುವ ಹಾಗೆ ಅಲ್ಲಿನ ಕಂಬಕ್ಕೊಂದು ನಮೆಲೆ ಗಿಡದ ಗರಿ ಕಟ್ಟಿದ್ದೆ. ಮುಖಂಡರೇ ತಡೆ ಹಾಕಿದ್ದಾರೆಂದು ತಿಳಿದು ಐವತ್ತು ಕೆಲಸಗಾರರೂ ಬೆಳಿಗ್ಗೆಯಿಂದ ಹೊರಗೇ ಕುಳಿತುಬಿಟ್ಟರು. ಮುಖಂಡ ಕಲ್ಸಕಾವ್ ಬಂದರು.

"ಯಾವನೋ ಇದನ್ನ ಕಟ್ಟಿದ್ದು?"

"ನಾನೇ ತಾತ, ತಮಾಷೆಗೆ."

"ಹೌದಾ? ಹಾಗಾದ್ರೆ ಬಿಚ್ಚೋಕೆ ತಮಾಷೆಗೇ ಒಂದು ಹಂದಿ ತಾ. ಅದರ ಕೋರೆಹಲ್ಲು ಬಳೆ ಹಾಗೆ ಸುತ್ತಿರ್ಬೇಕು. ಅಲ್ಲೀತನಕ ಯಾರೂ ಒಳಗೆ ಕಾಲಿಡೋ ಹಾಗಿಲ್ಲ."

"ಬಡಕಲು ಹಂದಿ ತಂದೀಯ, ಹುಷಾರು! ನಾವು ಐವತ್ತು ಜನ ತಿನ್ನೋರಿದೀವಿ" ಅಂದ ಮೇಸ್ತ್ರಿ.

ನನ್ನ ಕೆಮ್ಮು ಪೂರ್ತಿ ವಾಸಿಯಾಗಿದೆ. ನೀನು ಸಾಕುತ್ತಿರುವ ನನ್ನ ಹಂದಿಯನ್ನು ಮುಂದಿನ ಹಡಗಿಗೇ ಹತ್ತಿಸಿಬಿಡು, ತಡವಾದರೆ ಆಟವೇ ಇಲ್ಲ. ನನ್ನ ಮದುವೆಗೆ ಹೆಣ್ಣಿನ ಮನೆಯವರಿಗೆ ಕೊಡಲೆಂದು ಏಳು ವರ್ಷ ಅದರ ಕೋರೆ ಬೆಳೆಸಿದ್ದೀಯೆಂದು ಬಲ್ಲೆ. ಹೆಣ್ಣಂತೂ ಇನ್ನೂ ಸಿಕ್ಕಿಲ್ಲ ಅಜ್ಜೀ, ಮೈದಾನ ಸಿಕ್ಕಿದೆ!

ಅವಸರದಲ್ಲಿ,
ಬುಲೆ