ಅಕ್ಕಿ ಡಬ್ಬಿಯ ಮೇಲೆ ನಿನ್ನ ಮೊಹರು

ಶುಹೇ,

ಕುಟುಂಬ ನ್ಯಾಯಾಲಯದ ಕಾಗದ ಬಂತು. ನಿನ್ನ ವ್ಯವಹಾರ ನೀನೇ ನೋಡಿಕೊಳ್ಳಬಲ್ಲೆ ಎಂದು ಒಪ್ಪಿ, ಪಾಲಕಿಯ ಹೊಣೆಯಿಂದ ನನ್ನನ್ನು ಬಿಡಿಸಿದ್ದಾರೆ. ಸಹಿಯ ಬದಲು ಒತ್ತುವ ನಿನ್ನ ಹೆಸರಿನ ಮೊಹರು, ಏಳು ವರ್ಷ ನಾನು ಇಟ್ಟುಕೊಂಡಿದ್ದದ್ದು, ಅಕ್ಕಿ ಡಬ್ಬಿಯ ಮೇಲಿದೆ.

ಮನೆಯಿಂದ ಮನೆಗೆ ಹೋಗುವ ಕೇರಿಯ ಸುತ್ತೋಲೆಗೆ ಇವತ್ತು ಓದಿದ್ದಕ್ಕೆ ಗುರುತಾಗಿ ನೀನೇ ಮೊಹರು ಒತ್ತಿ ಪಕ್ಕದ ಮನೆಯ ನಾಗಾಸೆ ಅಜ್ಜಿಗೆ ಕೊಡು. ನಾಳೆಗೆ ಉಳಿಸಿದರೆ ಬೈಸಿಕೊಳ್ಳುವವನೂ ನೀನೇ.

ಅಪಘಾತದಲ್ಲಿ ತಲೆಗೆ ಪೆಟ್ಟಾದಾಗ ಆಸ್ಪತ್ರೆಯಲ್ಲಿ ನೀನು ನನ್ನನ್ನೇ "ಯಾರಮ್ಮ ನೀವು?" ಅಂದಿದ್ದೆ. ಹೋದ ತಿಂಗಳು ನ್ಯಾಯಾಧೀಶರ ಮುಂದೆ "ಅಕ್ಕಾ, ನೀ ಸುಮ್ನಿರು, ನಾನ್ ಹೇಳ್ತೀನಿ" ಅಂದೆ. ಸಿಟ್ಟು ಬಂತು, ಬಸ್ಸಿನಲ್ಲಿ ಬರುವಾಗ ಅತ್ತುಬಿಟ್ಟೆ.

ಬಂಗಡೆ ಸುಟ್ಟಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ಒಲೆ ಆರಿಸು.

ಚಿಕ್ಕವನಿದ್ದಾಗ ನೀನು ಅಪ್ಪನ ಮೊಹರನ್ನು ಕಾಗದ ಹಚ್ಚಿದ ಜಾರುಬಾಗಿಲ ತುಂಬ ತಲೆಕೆಳಗಾಗಿ ಒತ್ತಿದ್ದೆ, ನೆನಪಿದೆಯಾ? ಇವತ್ತೂ ಹಾಗೇ ಒತ್ತಿದರೆ ಒತ್ತು. ನಾನು ತಿದ್ದುವುದಿಲ್ಲ.

ಇನ್ನು ಬರೀ ಅಕ್ಕ