ಪರದೆ ಬಟ್ಟೆ ತುರುಕಿದ ಸೂಪರ್‌ಚಾರ್ಜರ್

ಮಗನೇ,

ಮನೆ ಬಿಟ್ಟು ಹೋದವನು ವಿಳಾಸ ಕೊಡಲಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಹಳೆ ಬಿಡಿಭಾಗಗಳ ಅಂಗಡಿಗೆ ಹೋಗಿ, ಕಾರಿನ ಇಂಜಿನ್‌ಗೆ ಗಾಳಿ ತುಂಬುವ ಸೂಪರ್‌ಚಾರ್ಜರ್ ಕೊಂಡು ತಂದೆ. ನೀನಿಲ್ಲದಾಗ ನಿನ್ನದನ್ನು ನಾನು ಗುಜರಿಗೆ ಹಾಕಿದ್ದೆನಲ್ಲ, ಅಂಥದ್ದೇ ಬೇಕೆಂದು ಹೋಗಿದ್ದೆ.

"ಅಮ್ಮಾ, ಇದು ಮಿಕ್ಸಿಗೆ ಹಾಕೋ ಸಾಮಾನಲ್ಲ," ಎಂದು ಅಂಗಡಿಯವನು ನಕ್ಕ.

"ಗೊತ್ತಪ್ಪ, ಮಗನಿಗೆ ಬೇಕು. ಆ ಪುಲ್ಲಿ ಚಕ್ರ ತಿರುಗಿಸು, ಬೇರಿಂಗ್ ಸದ್ದು ಕೇಳ್ಬೇಕು ನಾನು."

ಊಟಕ್ಕೆ ಕೂತಾಗಲೆಲ್ಲ ನೀನು ಇದರ ಬಗ್ಗೆಯೇ ಕೊರೆಯುತ್ತಿದ್ದದ್ದು ಕಿವಿಯಲ್ಲಿ ಉಳಿದಿತ್ತು. ಅಂಗಡಿಯವನ ನಗು ನಿಂತಿತು.

"ಮಗನೇ ಬಂದು ನೋಡ್ಬಹುದಿತ್ತಲ್ಲಮ್ಮ?"

"ಅವನಿಗೆ ಪುರುಸೊತ್ತಿಲ್ಲ."

ಎರಡನ್ನು ಬೇಡವೆಂದ ಮೇಲೆ ಅವನು ಕೆಳಗಿಳಿಸಿದ ಮೂರನೆಯ ಸೂಪರ್‌ಚಾರ್ಜರಿನ ಬಾಯಿಗೆ ಧೂಳು ಹೋಗದಂತೆ ಬಟ್ಟೆ ತುರುಕಿತ್ತು. ನಮ್ಮ ಅಡುಗೆಮನೆಯ ಹಳದಿ ಪರದೆಯ ತುಂಡು. ಅದನ್ನು ನೀನು ಕತ್ತರಿಸಿದ್ದಕ್ಕೇ ಅಲ್ಲವೇ ಅಂದು ನಾನು ಸಿಟ್ಟಿಗೆದ್ದದ್ದು? ಅದು ನಿನ್ನದೇ; ಅವನು ಕೇಳಿದಷ್ಟೂ ಕೊಟ್ಟು ಎತ್ತಿಕೊಂಡು ಬಂದೆ.

ಈಗ ಅದು ನಿನ್ನ ಮಂಚದ ಮೇಲಿದೆ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬೇರಿಂಗ್ ತಿರುಗದಂತೆ ಹಿಡಿದುಕೊಂಡೀತೆಂದು ಗಳಿಗೆಗೊಮ್ಮೆ ಹೋಗಿ ಪುಲ್ಲಿ ತಿರುಗಿಸಿ ಬರುತ್ತೇನೆ. ಸದ್ದಿಲ್ಲದೆ ತಿರುಗುತ್ತದೆ. ಮತ್ತೆ ಹೋಗುತ್ತೇನೆ.

ಆ ಬಟ್ಟೆಯನ್ನು ಮಾತ್ರ ನಾನು ತೆಗೆಯುವುದಿಲ್ಲ. ತುರುಕಿದವನೇ ಬಂದು ತೆಗೆಯಬೇಕು.